ವರ್ಷವಿಡೀ ಶಿಬಿರವಾಸಕ್ಕೆ ಕ್ಯಾನ್ವಾಸ್ ಗುಡಾರದ ಆಯ್ಕೆ: ದಾವಣಗೆರೆ ಮತ್ತು ಹರಿಹರ ಪ್ರದೇಶದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆ ಮತ್ತು ಗುಡ್ಡದ ಕಾಡಿಗೆ ಹೊಂದಿಕೊಂಡಂತೆ ಇರುವ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರವು ರಾಜ್ಯದ ಹೆಸರಾಂತ ಶಿಬಿರ ಸ್ಥಳಗಳಲ್ಲಿ ಒಂದಾಗಿದೆ. ಸ್ಕೌಟ್ ಚಳವಳಿಯ ನಾಯಕರೂ ಲೋಕಸಭಾ ಸದಸ್ಯರೂ ಆಗಿದ್ದ ದಿವಂಗತ ಕೊಂಡಜ್ಜಿ ಬಸಪ್ಪನವರ ಸೇವೆಯೊಂದಿಗೆ ಈ ಊರಿನ ಹೆಸರು ಬೆರೆತಿದೆ. ದಾವಣಗೆರೆ ನಗರ ಮತ್ತು ಹರಿಹರದ ಸುತ್ತಮುತ್ತ ಶಾಲಾ ಮಕ್ಕಳ ಶಿಬಿರ, ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರ, ಕುಟುಂಬದ ಹೊರಸಂಚಾರ ಮುಂತಾದ ಉದ್ದೇಶಗಳಿಗಾಗಿ ಗುಡಾರ ಹಾಕಲು ಬಯಸುವವರಿಗೆ ಮಾರ್ಗದರ್ಶನ ನೀಡುವುದು ಈ ಪುಟದ ಉದ್ದೇಶವಾಗಿರುತ್ತದೆ.

ಗುಡಾರವನ್ನು ಆಯ್ಕೆ ಮಾಡುವಾಗ ಚಳಿ ಮತ್ತು ಮಳೆಯನ್ನು ಮಾತ್ರ ಗಮನಿಸುವುದು ಸಾಮಾನ್ಯ. ಆದರೆ ಈ ಪ್ರದೇಶದಲ್ಲಿ ಮೊದಲು ಬಿಸಿಲು, ಅನಂತರ ಗಾಳಿ, ಅದರ ನಂತರ ನೆಲ ಮತ್ತು ಮಳೆ, ಕೊನೆಯಲ್ಲಿ ಚಳಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ. ಒಮ್ಮೆ ಕೊಂಡ ಗುಡಾರವನ್ನು ಹಲವು ವರ್ಷ ಬಳಸಬೇಕಾಗಿರುವುದರಿಂದ ಹಾಗೂ ಅದರಲ್ಲಿ ಮಲಗುವವರು ಬಹುಪಾಲು ಮಕ್ಕಳೇ ಆಗಿರುವುದರಿಂದ ಈ ಕ್ರಮವನ್ನು ಕಡೆಗಣಿಸಬಾರದು.

ಈ ಪ್ರದೇಶದ ಹವೆ ಮತ್ತು ನೆಲ

ದಾವಣಗೆರೆ ನಗರವು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲಿನಲ್ಲಿದೆ. ವಾರ್ಷಿಕ ಸರಾಸರಿ ಮಳೆಯು 600ರಿಂದ 700 ಮಿ.ಮೀ. ನಡುವೆ ಇರುತ್ತದೆ. ವರ್ಷವನ್ನು ಶಿಬಿರದ ದೃಷ್ಟಿಯಿಂದ ಈ ಕೆಳಕಂಡಂತೆ ವಿಂಗಡಿಸಬಹುದು.

1. ಮಾರ್ಚ್‌ನಿಂದ ಮೇ: ಹಗಲಿನ ಉಷ್ಣಾಂಶವು 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಮೇಲೆ ಏರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಸಂಜೆಗಳಲ್ಲಿ ಮುಂಗಾರು ಪೂರ್ವದ ಗುಡುಗು ಮಳೆ, ಬಿರುಗಾಳಿ, ಒಮ್ಮೊಮ್ಮೆ ಆಲಿಕಲ್ಲು ಬೀಳುವುದುಂಟು. ಗುಡಾರಗಳು ಕಿತ್ತುಹೋಗುವ ಅಪಾಯ ಹೆಚ್ಚಾಗಿರುವುದು ಈ ಅವಧಿಯಲ್ಲಿಯೇ.

2. ಜೂನ್‌ನಿಂದ ಆಗಸ್ಟ್: ಮಲೆನಾಡಿಗೆ ಹೋಲಿಸಿದರೆ ಮಳೆ ಕಡಿಮೆ; ಆದರೆ ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಗಾಳಿಯು ಎಡೆಬಿಡದೆ ಬೀಸುತ್ತದೆ.

3. ಸೆಪ್ಟೆಂಬರ್ ಮತ್ತು ಅಕ್ಟೋಬರ್: ರೈತರು ಉತ್ತರೆ, ಹಸ್ತ, ಚಿತ್ತೆ ಎಂದು ಹೆಸರಿಸುವ ಮಳೆಗಳ ಕಾಲ. ರಾತ್ರಿಯ ವೇಳೆ ಜೋರು ಮಳೆ ಸುರಿಯುವ ಸಂಭವವಿರುತ್ತದೆ.

4. ನವೆಂಬರ್‌ನಿಂದ ಫೆಬ್ರವರಿ: ಶಿಬಿರಕ್ಕೆ ಅತ್ಯುತ್ತಮ ಕಾಲ. ಹಗಲು ಹಿತಕರವಾಗಿದ್ದು, ಮುಂಜಾವಿನಲ್ಲಿ ಚಳಿ ಹಾಗೂ ಇಬ್ಬನಿ ಇರುತ್ತದೆ.

ನೆಲವು ಕೆಲವೆಡೆ ಕೆಂಪು ಜಲ್ಲಿ ಮಣ್ಣು, ಕೆಲವೆಡೆ ಎರೆಭೂಮಿ. ಭದ್ರಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳಿದ್ದು, ಅಲ್ಲಿ ತೇವಾಂಶ, ಸೊಳ್ಳೆ ಮತ್ತು ಹಾವುಗಳ ಬಗ್ಗೆ ಎಚ್ಚರ ವಹಿಸತಕ್ಕದ್ದು.

ಕ್ಯಾನ್ವಾಸ್ ಬಟ್ಟೆಯ ಗುಣಗಳು

ಕ್ಯಾನ್ವಾಸ್ ಎಂಬುದು ದಪ್ಪ ಹತ್ತಿ ನೂಲಿನಿಂದ ಒತ್ತಾಗಿ ನೇಯ್ದ ಬಟ್ಟೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯಲ್ಪಟ್ಟ ದಾವಣಗೆರೆಯ ಜನರಿಗೆ ಇದರ ಪರಿಚಯ ಹೊಸದಲ್ಲ. ಬಟ್ಟೆ ಒಣಗಿದ್ದಾಗ ನೂಲುಗಳ ನಡುವಿನ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಆಡುತ್ತದೆ. ಬಟ್ಟೆ ನೆನೆದಾಗ ಹತ್ತಿಯ ಎಳೆಗಳು ಉಬ್ಬಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಒಳಗೆ ಇಳಿಯುವುದು ತಗ್ಗುತ್ತದೆ. ಪ್ಲಾಸ್ಟಿಕ್ ತಾಡಪಾಲಿನಲ್ಲಿ ಈ ಗುಣವಿಲ್ಲ. ಮಲಗಿದವರ ಉಸಿರಿನ ತೇವವು ಅದರ ಒಳಮೈಯಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ.

ಗುಡಾರದ ಬಟ್ಟೆಯ ದಪ್ಪವನ್ನು ಒಂದು ಚದರ ಮೀಟರಿನ ತೂಕದಿಂದ ಅಳೆಯಲಾಗುತ್ತದೆ. ವರ್ಷವಿಡೀ ಬಳಕೆಗೆ 280ರಿಂದ 400 ಗ್ರಾಂ ತೂಕದ ಬಟ್ಟೆ ಸೂಕ್ತ. ತೂಕ ಹೆಚ್ಚಿದಂತೆ ಬಾಳಿಕೆ ಹೆಚ್ಚುತ್ತದೆ. ಸಾಗಣೆಯ ಶ್ರಮವೂ ಹೆಚ್ಚುತ್ತದೆ. ಉದಾಹರಣೆಗೆ, 350 ಗ್ರಾಂ ತೂಕದ 50 ಚದರ ಮೀಟರ್ ಬಟ್ಟೆಯುಳ್ಳ ಗುಡಾರವು ಕಂಬ ಮತ್ತು ಗೂಟಗಳನ್ನು ಬಿಟ್ಟು 17.5 ಕೆ.ಜಿ. ತೂಗುತ್ತದೆ. ನೆನೆದರೆ ಇನ್ನೂ ಭಾರವಾಗುತ್ತದೆ. ಆದ್ದರಿಂದ ಹೊತ್ತು ನಡೆಯುವ ಚಾರಣಕ್ಕೆ ಕ್ಯಾನ್ವಾಸ್ ಗುಡಾರ ತಕ್ಕುದಲ್ಲ. ವಾಹನ ತಲುಪುವ ಸ್ಥಳದ ಶಿಬಿರಕ್ಕೆ ಮಾತ್ರ ತಕ್ಕುದು. ಹತ್ತಿಯೊಂದಿಗೆ ಪಾಲಿಯೆಸ್ಟರ್ ಬೆರೆಸಿದ ಬಟ್ಟೆಯು ಹಗುರವಾಗಿದ್ದು, ಬೂಷ್ಟನ್ನು ಹೆಚ್ಚು ತಡೆಯುತ್ತದೆ.

ಗುಡಾರದ ಮಾದರಿಗಳು

ಅ) ಇಳಿಚಾವಣಿ ಗುಡಾರ: ಎರಡು ಕಂಬ ಹಾಗೂ ಅವುಗಳ ನಡುವಿನ ಅಡ್ಡಗಳುವಿನ ಮೇಲೆ ನಿಲ್ಲುವ ಈ ಮಾದರಿಯು ಸ್ಕೌಟ್ ಶಿಬಿರಗಳಲ್ಲಿ ಪರಿಚಿತ. ಬೆಲೆ ಕಡಿಮೆ, ಹಾಕುವುದು ಸುಲಭ, ಮಳೆ ನೀರು ಬೇಗ ಜಾರುತ್ತದೆ. ಆದರೆ ಬದಿಗಳಲ್ಲಿ ತಲೆ ಎತ್ತಲು ಸ್ಥಳವಿರುವುದಿಲ್ಲ. ಮೇಲ್ಹೊದಿಕೆ ಇಲ್ಲದಿದ್ದರೆ ಬೇಸಿಗೆಯ ಹಗಲಿನಲ್ಲಿ ಒಳಗೆ ಇರಲಾಗದು. ನವೆಂಬರ್‌ನಿಂದ ಫೆಬ್ರವರಿವರೆಗಿನ ಚಿಕ್ಕ ಶಿಬಿರಗಳಿಗೆ ಸೂಕ್ತ.

ಆ) ಗಂಟೆಯಾಕಾರದ ಗುಡಾರ: ಒಂದೇ ನಡುಗಂಬವುಳ್ಳ ದುಂಡು ಗುಡಾರ. ಯಾವ ದಿಕ್ಕಿನ ಗಾಳಿಯನ್ನಾದರೂ ಚೆನ್ನಾಗಿ ತಾಳುತ್ತದೆ. ನೆತ್ತಿಯಲ್ಲಿ ಗಾಳಿಗಂಡಿ ಹಾಗೂ ಮೇಲೆತ್ತಿ ಕಟ್ಟಬಹುದಾದ ಬದಿಗೋಡೆ ಇರುವುದನ್ನೇ ಆರಿಸತಕ್ಕದ್ದು. ಸುತ್ತಲೂ ಗೂಟಗಳು ಬೇಕಾಗುವುದರಿಂದ ಹೆಚ್ಚು ಜಾಗ ಹಿಡಿಯುತ್ತದೆ.

ಇ) ನೇರಗೋಡೆಯ ಗುಡಾರ: ಬದಿಗೋಡೆಗಳು ನೆಟ್ಟಗಿದ್ದು, ಮಂಚ ಹಾಕಲು ಮತ್ತು ನಿಂತು ಓಡಾಡಲು ಅನುಕೂಲ. ಚಪ್ಪಟೆಯಾದ ಗೋಡೆಗೆ ಗಾಳಿ ನೇರವಾಗಿ ಬಡಿಯುವುದರಿಂದ ಬದಿಯ ಹಗ್ಗಗಳನ್ನು ಪ್ರತಿದಿನ ಪರೀಕ್ಷಿಸಬೇಕಾಗುತ್ತದೆ.

ಈ) ಇಮ್ಮಡಿ ಚಾವಣಿಯ ಗುಡಾರ: ಸ್ವಿಸ್ ಕಾಟೇಜ್ ಎಂಬ ಹೆಸರಿನಲ್ಲಿ ದೊರೆಯುವ ಗುಡಾರಗಳು ಹಾಗೂ ಸೇನೆಯಲ್ಲಿ ಬಳಕೆಯಲ್ಲಿರುವ ಇ.ಪಿ.ಐ.ಪಿ. ಮಾದರಿಯ ಗುಡಾರಗಳು ಈ ಬಗೆಗೆ ಸೇರುತ್ತವೆ. ಒಳಚಾವಣಿ ಮತ್ತು ಹೊರಚಾವಣಿಗಳ ನಡುವೆ ಗಾಳಿಯ ಪದರವಿರುತ್ತದೆ. ಬಿಸಿಲಿನ ಝಳವನ್ನು ಹೊರಚಾವಣಿಯು ತಡೆದರೆ, ಒಳಬಂದ ಶಾಖವನ್ನು ನಡುವಿನ ಗಾಳಿಯು ಹೊತ್ತೊಯ್ಯುತ್ತದೆ. ಚಳಿಗಾಲದಲ್ಲಿ ಇಬ್ಬನಿಯು ಹೊರಚಾವಣಿಯಲ್ಲಿಯೇ ನಿಲ್ಲುತ್ತದೆ. ಭಾರ ಮತ್ತು ಬೆಲೆ ಹೆಚ್ಚು. ಹಾಕಲು ಮೂರು ನಾಲ್ಕು ಜನ ಬೇಕು.

ಉ) ಶಾಮಿಯಾನ: ಇದು ನೆರಳಿಗೆ ಮಾತ್ರ. ರಾತ್ರಿ ತಂಗಲು ಇದನ್ನು ಬಳಸಬಾರದು.

ವರ್ಷವಿಡೀ ಬಳಸುವ ಉದ್ದೇಶವಿದ್ದಲ್ಲಿ, ತಿಳಿ ಬಣ್ಣದ, ಇಮ್ಮಡಿ ಚಾವಣಿಯ, ಎದುರುಬದುರು ಕಿಟಕಿಗಳುಳ್ಳ ಗುಡಾರವೇ ಈ ಪ್ರದೇಶಕ್ಕೆ ಹೆಚ್ಚು ಹೊಂದುತ್ತದೆ. ಅಷ್ಟು ವೆಚ್ಚ ಮಾಡಲಾಗದವರು ಇಳಿಚಾವಣಿ ಗುಡಾರದ ಮೇಲೆ ಒಂದು ಅಡಿ ಅಂತರ ಬಿಟ್ಟು ಬೇರೊಂದು ಕ್ಯಾನ್ವಾಸ್ ಹೊದಿಕೆಯನ್ನು ಕಟ್ಟಿದರೆ ಇದೇ ಅನುಕೂಲದ ಬಹುಭಾಗ ದೊರೆಯುತ್ತದೆ. ಕಪ್ಪು ಅಥವಾ ಕಡು ಹಸಿರು ಬಣ್ಣದ ಹೊದಿಕೆಯು ಶಾಖವನ್ನು ಹೀರುವುದರಿಂದ ಅದನ್ನು ಬಳಸದಿರುವುದು ಒಳಿತು.

ಅಳತೆ

ವಿಪತ್ತಿನ ಕಾಲದ ತಾತ್ಕಾಲಿಕ ವಸತಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡದಂತೆ ಒಬ್ಬ ವ್ಯಕ್ತಿಗೆ ಕನಿಷ್ಠ 3.5 ಚದರ ಮೀಟರ್ ಹೊದಿಕೆಯುಳ್ಳ ನೆಲ ಬೇಕು. ಈ ಲೆಕ್ಕದಲ್ಲಿ ನಾಲ್ವರ ಕುಟುಂಬಕ್ಕೆ 14 ಚದರ ಮೀಟರ್ ಗುಡಾರ ಬೇಕಾಗುತ್ತದೆ. ಮಾರಾಟಗಾರರು "ಎಂಟು ಜನರ ಗುಡಾರ" ಎಂದು ಹೇಳಿದಾಗ ಜನರ ಸಂಖ್ಯೆಯನ್ನು ನಂಬದೆ, ಉದ್ದ ಅಗಲವನ್ನು ಅಳೆದು ನೋಡತಕ್ಕದ್ದು.

ಸ್ಥಳದ ಆಯ್ಕೆ

1. ನದಿ ದಂಡೆ: ಹರಿಹರದಲ್ಲಿ ಮಳೆ ಇಲ್ಲದಿದ್ದರೂ ತುಂಗಭದ್ರೆ ಏರಬಹುದು. ತುಂಗಾ ಮತ್ತು ಭದ್ರಾ ನದಿಗಳು ಕೂಡಲಿಯಲ್ಲಿ ಸೇರಿ, ಹೊನ್ನಾಳಿಯ ಮೂಲಕ ಹರಿಹರಕ್ಕೆ ಬರುತ್ತವೆ. ತುಂಗಾ ನದಿಯ ಗಾಜನೂರು ಜಲಾಶಯದ ಸಾಮರ್ಥ್ಯವು ಚಿಕ್ಕದಾದುದರಿಂದ ಮಲೆನಾಡಿನಲ್ಲಿ ಮಳೆ ಹೆಚ್ಚಾದ ಕೂಡಲೇ ನೀರನ್ನು ಹೊರಬಿಡಬೇಕಾಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಹರಿಹರ ಮತ್ತು ಹೊನ್ನಾಳಿಯ ನದಿತೀರದ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ಜೂನ್‌ನಿಂದ ಅಕ್ಟೋಬರ್‌ವರೆಗೆ ನದಿಯ ದಂಡೆ, ನಡುಗಡ್ಡೆ ಮತ್ತು ಮರಳು ದಿಬ್ಬಗಳ ಮೇಲೆ ಯಾವುದೇ ಗುಡಾರ ಹಾಕಕೂಡದು.

2. ಎರೆಭೂಮಿ: ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ; ನೆನೆದಾಗ ಕೆಸರಾಗಿ ಗೂಟದ ಹಿಡಿತ ಸಡಿಲವಾಗುತ್ತದೆ. ಇಲ್ಲಿ ಒಂದೂವರೆ ಅಡಿಗೆ ಕಡಿಮೆಯಿಲ್ಲದ ದಪ್ಪ ಮರದ ಗೂಟ ಬಳಸತಕ್ಕದ್ದು. ಜಲ್ಲಿ ನೆಲಕ್ಕೆ ಕಬ್ಬಿಣದ ಗೂಟ ಸೂಕ್ತ. ಗೂಟದ ತಲೆಯು ಗುಡಾರದಿಂದ ಹೊರಕ್ಕೆ ಬಾಗಿರಬೇಕು.

3. ದಿಕ್ಕು: ಗುಡಾರದ ಹಿಂಬದಿಯನ್ನು ಪಶ್ಚಿಮ ಅಥವಾ ನೈಋತ್ಯಕ್ಕೆ, ಬಾಗಿಲನ್ನು ಪೂರ್ವ ಅಥವಾ ಈಶಾನ್ಯಕ್ಕೆ ಇಡುವುದರಿಂದ ಮುಂಗಾರಿನ ಗಾಳಿ ಮತ್ತು ಸಂಜೆಯ ಬಿಸಿಲು ಎರಡರಿಂದಲೂ ರಕ್ಷಣೆ ದೊರೆಯುತ್ತದೆ.

4. ಮರ ಮತ್ತು ಸಿಡಿಲು: ಒಂಟಿ ಮರದ ಕೆಳಗೆ ಗುಡಾರ ಹಾಕಬಾರದು. ಗುಡುಗು ಕೇಳಿಸಿದ ಕೂಡಲೇ ಶಿಬಿರಾರ್ಥಿಗಳನ್ನು ಪಕ್ಕಾ ಕಟ್ಟಡಕ್ಕೆ ಸ್ಥಳಾಂತರಿಸತಕ್ಕದ್ದು. ಗುಡಾರವು ಸಿಡಿಲಿನಿಂದ ರಕ್ಷಣೆ ನೀಡುವುದಿಲ್ಲ.

5. ನೆಲಹಾಸು: ಗೋಡೆಗೆ ಸೇರಿಸಿ ಹೊಲಿದ ನೆಲಹಾಸು ಮತ್ತು ಕಿಟಕಿಗಳಿಗೆ ಸೊಳ್ಳೆಪರದೆ ಇರುವ ಗುಡಾರಕ್ಕೆ ಆದ್ಯತೆ ನೀಡುವುದು. ಬಾಗಿಲನ್ನು ರಾತ್ರಿ ಪೂರ್ತಿಯಾಗಿ ಮುಚ್ಚಿರಬೇಕು.

ಬೆಂಕಿಯ ಬಗ್ಗೆ ಎಚ್ಚರಿಕೆ

ಒಣಗಿದ ಹತ್ತಿ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಮೇಣ ಸವರಿದ ಬಟ್ಟೆಗೆ ಇನ್ನೂ ಬೇಗ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಯೊಂದಕ್ಕೆ ಬೆಂಕಿ ತಗುಲಿ 90ಕ್ಕೂ ಹೆಚ್ಚು ಜನ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ತಪ್ಪದೆ ಪಾಲಿಸತಕ್ಕದ್ದು.

- ಗುಡಾರದೊಳಗೆ ಒಲೆ, ಮೇಣದಬತ್ತಿ, ಸೀಮೆಎಣ್ಣೆ ದೀಪ, ಸೊಳ್ಳೆಬತ್ತಿ ಹಚ್ಚಬಾರದು. ಬ್ಯಾಟರಿ ದೀಪ ಬಳಸುವುದು.
- ಚಳಿಗೆಂದು ಇದ್ದಿಲ ಕೆಂಡವನ್ನು ಒಳಗೆ ಇಡುವುದು ಪ್ರಾಣಾಪಾಯಕಾರಿ. ಅದರಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣ ವಾಸನೆಗಳಿಲ್ಲ, ಮಲಗಿದವರು ಎಚ್ಚರಗೊಳ್ಳುವುದಿಲ್ಲ.
- ಅಡುಗೆಯ ಸ್ಥಳವು ಗಾಳಿ ಬೀಸುವ ದಿಕ್ಕಿಗೆ ಗುಡಾರಗಳಿಂದ ಆಚೆ ಇರಬೇಕು. ಕಿಡಿಗಳು ಗುಡಾರದ ಕಡೆಗೆ ಹಾರಬಾರದು.
- ಎರಡು ಗುಡಾರಗಳ ನಡುವೆ ಗುಡಾರದ ಎತ್ತರದ ಎರಡು ಪಟ್ಟು ಅಂತರ ಬಿಡುವುದು.
- ಪ್ರತಿ ಗುಡಾರದ ಬಳಿ ಒಂದು ಬಕೆಟ್ ನೀರು ಹಾಗೂ ಒಂದು ಬಕೆಟ್ ಮರಳು ಇರಿಸುವುದು.

ಬಳಕೆ ಮತ್ತು ಸಂರಕ್ಷಣೆ

ಹೊಸ ಗುಡಾರವನ್ನು ಶಿಬಿರಕ್ಕೆ ಒಯ್ಯುವ ಮೊದಲು ಮನೆಯಂಗಳದಲ್ಲಿ ಅಥವಾ ಶಾಲೆಯ ಮೈದಾನದಲ್ಲಿ ಹಾಕಿ, ನೀರು ಸಿಂಪಡಿಸಿ ಪೂರ್ಣವಾಗಿ ನೆನೆಸಿ ಒಣಗಿಸಬೇಕು. ಎರಡು ಮೂರು ಬಾರಿ ಹೀಗೆ ಮಾಡಿದಾಗ ನೂಲು ಉಬ್ಬಿ ಹೊಲಿಗೆಯ ರಂಧ್ರಗಳು ಮುಚ್ಚುತ್ತವೆ. ಮಳೆಯ ಸಮಯದಲ್ಲಿ ಚಾವಣಿಯ ಒಳಮೈಯನ್ನು ಮುಟ್ಟಬಾರದು. ಮುಟ್ಟಿದೆಡೆ ನೀರು ಇಳಿಯತೊಡಗುತ್ತದೆ. ಹತ್ತಿಯ ಹಗ್ಗಗಳು ನೆನೆದಾಗ ಬಿಗಿಯುವುದರಿಂದ ಮಳೆಗೆ ಮುನ್ನ ಅವುಗಳನ್ನು ತುಸು ಸಡಿಲಿಸತಕ್ಕದ್ದು.

ಒದ್ದೆ ಗುಡಾರವನ್ನು ಮಡಚಿ ಇಟ್ಟರೆ ಒಂದೆರಡು ದಿನಗಳಲ್ಲಿಯೇ ಬೂಷ್ಟು ಹಿಡಿದು ಬಟ್ಟೆ ಕೊಳೆಯತೊಡಗುತ್ತದೆ. ಬೂಷ್ಟು ಹಿಡಿದ ಬಟ್ಟೆಗೆ ಮೊದಲಿನ ಬಲ ಮರಳಿ ಬರುವುದಿಲ್ಲ. ಅನಿವಾರ್ಯವಾಗಿ ಒದ್ದೆಯಾಗಿಯೇ ತಂದಲ್ಲಿ ಮರುದಿನವೇ ಬಿಡಿಸಿ ಒಣಗಿಸುವುದು. ಸಾಬೂನು ಪುಡಿ ಬಳಸಿ ಒಗೆದರೆ ನೀರುನಿರೋಧಕ ಲೇಪ ಹೋಗುತ್ತದೆ. ತಣ್ಣೀರು ಮತ್ತು ಮೆತ್ತನೆಯ ಕುಂಚ ಸಾಕು.

ಖರೀದಿ ಮತ್ತು ಬಾಡಿಗೆ

ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬಳಸುವವರು ಬಾಡಿಗೆಗೆ ಪಡೆಯುವುದು ಮಿತವ್ಯಯಕರ. ಖರೀದಿಸುವವರು ಬಟ್ಟೆಯ ತೂಕ, ಅಳತೆ, ಕಂಬ ಮತ್ತು ಗೂಟಗಳ ಸಂಖ್ಯೆಯನ್ನು ನಮೂದಿಸಿದ ರಸೀದಿ ಪಡೆಯತಕ್ಕದ್ದು. ಹೊಲಿಗೆ ಎರಡು ಸಾಲಿನದಾಗಿರಬೇಕು. ಹಗ್ಗ ಕಟ್ಟುವ ಮೂಲೆಗಳಲ್ಲಿ ಹೆಚ್ಚುವರಿ ಬಟ್ಟೆಯ ಪಟ್ಟಿ ಇರಬೇಕು. ಸರಕಿನಲ್ಲಿ ದೋಷವಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅರ್ಜಿದಾರರ ಗಮನಕ್ಕೆ

ಗುಡಾರ ಹಾಕುವ ಜಾಗವು ಯಾರ ಅಧೀನದಲ್ಲಿದೆಯೋ ಅವರ ಪೂರ್ವಾನುಮತಿ ಅಗತ್ಯ. ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶಿಸುವುದು ಮತ್ತು ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅನ್ವಯ ಅಪರಾಧವಾಗಿರುತ್ತದೆ. ಸ್ಥಳೀಯ ಸಂಸ್ಥೆಯ ಜಾಗಕ್ಕೆ ದಾವಣಗೆರೆ ಮಹಾನಗರ ಪಾಲಿಕೆ, ಹರಿಹರ ನಗರಸಭೆ ಅಥವಾ ಸಂಬಂಧಪಟ್ಟ ಗ್ರಾಮ ಪಂಚಾಯಿತಿಯನ್ನು, ಖಾಸಗಿ ಜಮೀನಿಗೆ ಮಾಲೀಕರನ್ನು ಸಂಪರ್ಕಿಸುವುದು.

ಅರ್ಜಿಯೊಂದಿಗೆ ಶಿಬಿರದ ದಿನಾಂಕ, ಶಿಬಿರಾರ್ಥಿಗಳ ಮತ್ತು ಮಕ್ಕಳ ಸಂಖ್ಯೆ, ಗುಡಾರಗಳ ಸಂಖ್ಯೆ ಹಾಗೂ ಅಳತೆ, ಅಡುಗೆಯ ಸ್ಥಳ, ಮಳೆ ಅಥವಾ ಸಿಡಿಲಿನ ಸಂದರ್ಭದಲ್ಲಿ ಆಶ್ರಯ ಪಡೆಯುವ ಹತ್ತಿರದ ಕಟ್ಟಡ ಈ ವಿವರಗಳನ್ನು ಒದಗಿಸುವುದು ಉಪಯುಕ್ತ. ಕೊನೆಯ ವಿವರವನ್ನು ತುಂಬಲಾಗದ ಸ್ಥಳದಲ್ಲಿ ಮಕ್ಕಳ ಶಿಬಿರವನ್ನು ಏರ್ಪಡಿಸದಿರುವುದೇ ಸೂಕ್ತ.

ತುರ್ತು ಸಂದರ್ಭದಲ್ಲಿ 112ಕ್ಕೆ, ಆಂಬ್ಯುಲೆನ್ಸ್ ಸೇವೆಗೆ 108ಕ್ಕೆ ಕರೆ ಮಾಡುವುದು.