ಹೆರಿಗೆ ಕೋಣೆಯೂ ಪಂಚಾಯಿತಿಯೂ



'ಸ್ಥಳೀಯ ಸರ್ಕಾರದ ಕರ್ತವ್ಯಗಳಾವುವು?' ಎಂಬ ಪರೀಕ್ಷೆಯ ಪ್ರಶ್ನೆ ನಿಮಗೆ ನೆನಪಿರಬಹುದು. ಬೀದಿದೀಪ, ಚರಂಡಿ, ಕುಡಿಯುವ ನೀರು, ಜನನ-ಮರಣ ನೋಂದಣಿ ಎಂದು ಬರೆದರೆ ಪೂರ್ಣ ಅಂಕ ದೊರೆಯುತ್ತಿತ್ತು. ಆದರೆ ಜನ್ಮ ಕೊಡುವ ತಾಯಿಯ ಕ್ಷೇಮದಲ್ಲಿಯೂ ಸ್ಥಳೀಯ ಸರ್ಕಾರಕ್ಕೆ ಪಾಲುಂಟು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಯಸುತ್ತೇನೆ.

ನಮ್ಮ ರಾಜ್ಯದಲ್ಲಿ ಇದರ ಮುಖ್ಯ ಘಟ್ಟ 1987. 1983ರ ಕಾಯಿದೆಯನ್ವಯ ಆ ವರ್ಷ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಈ ವ್ಯವಸ್ಥೆಯ ಶಿಲ್ಪಿ, ಜನರು ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆಯುತ್ತಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು. ಶೇಕಡ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪರಿಷತ್ತಿನ ಆಡಳಿತಕ್ಕೆ ಬಂದವು. ವೈದ್ಯರು ಬಂದಿಲ್ಲ, ನರ್ಸಮ್ಮನ ವಸತಿಗೃಹ ಸೋರುತ್ತಿದೆ ಎಂಬ ದೂರನ್ನು ಬೆಂಗಳೂರಿಗೆ ಬರೆಯುವ ಬದಲು, ತಾವೇ ಆರಿಸಿದ ಸದಸ್ಯರ ಮುಂದಿಡುವುದು ಸಾಧ್ಯವಾಯಿತು. ವೈದ್ಯರ ಹಾಗೂ ಶಿಕ್ಷಕರ ಹಾಜರಾತಿ ಸುಧಾರಿಸಿತೆಂದು ಅಂದಿನ ಮೌಲ್ಯಮಾಪನಗಳೂ ಗುರುತಿಸಿದವು.

1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದಿತು. ಹನ್ನೊಂದನೆಯ ಅನುಸೂಚಿಯ 23, 24 ಮತ್ತು 25ನೆಯ ವಿಷಯಗಳನ್ನು ನೋಡಿರಿ: ಆರೋಗ್ಯ ಮತ್ತು ನೈರ್ಮಲ್ಯ, ಕುಟುಂಬ ಕಲ್ಯಾಣ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ಆದರೆ ವೈದ್ಯರ ನೇಮಕವೂ ವರ್ಗಾವಣೆಯೂ ರಾಜ್ಯ ಸರ್ಕಾರದ ಕೈಯಲ್ಲೇ ಉಳಿದವು. ಹೊಣೆ ಪಂಚಾಯಿತಿಯದು, ಹಿಡಿತ ರಾಜಧಾನಿಯದು ಎಂಬಂತಾಯಿತು.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆಶಾ ಕಾರ್ಯಕರ್ತೆಯರನ್ನೂ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗಳನ್ನೂ ತಂದಿತು. ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳ ಅನುದಾನವಿತ್ತು. ಮೊತ್ತ ಅಲ್ಪವೆನಿಸಬಹುದು. ಆದರೆ ಹೆರಿಗೆಯ ಬಳಿಕ ರಕ್ತಸ್ರಾವವಾದಾಗ ತಾಯಿಯ ಪ್ರಾಣ ಉಳಿಯುವುದು ಗಂಟೆಗಳ, ಕೆಲವೊಮ್ಮೆ ನಿಮಿಷಗಳ ಲೆಕ್ಕದಲ್ಲಿ. ಅಂತಹ ರಾತ್ರಿಯಲ್ಲಿ ವಾಹನಕ್ಕೆ ಹಣ ಕೊಡಬಲ್ಲವರು ಊರಿನಲ್ಲಿಯೇ ಇರಬೇಕಾಗುತ್ತದೆ.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ತಾಯಂದಿರು ಮರಣ ಹೊಂದುತ್ತಿದ್ದರು; 2018–20ರಲ್ಲಿ ಈ ಸಂಖ್ಯೆ 69ಕ್ಕೆ ಇಳಿಯಿತು. ಇದರ ಶ್ರೇಯಸ್ಸು ಪಂಚಾಯಿತಿಗಳದೊಂದೇ ಅಲ್ಲ. ಆಸ್ಪತ್ರೆಗಳು, ರಸ್ತೆಗಳು, ಆಂಬುಲೆನ್ಸ್ ಸೇವೆ, ಹೆಣ್ಣುಮಕ್ಕಳ ಶಿಕ್ಷಣ ಎಲ್ಲವೂ ಸೇರಿವೆ. ಆದರೂ ಉಳಿದ ಸಾವುಗಳನ್ನು ತಡೆಯಲು ಊರಿನ ಕಣ್ಣು ಬೇಕೇ ಬೇಕು.

ಹೀಗಿರುವಾಗ ಒಂದು ಸಂಗತಿ ನನ್ನನ್ನು ಬಾಧಿಸುತ್ತದೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಳೇ ಉರುಳಿದರೂ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳು ಕೆಲಸ ಮಾಡಿಯಾರು. ಆದರೆ 1987ರಲ್ಲಿ ದೊರೆತಿದ್ದು, ಅವರನ್ನು ಪ್ರಶ್ನಿಸಬಲ್ಲ ಊರಿನವರೇ ಆದ ಪ್ರತಿನಿಧಿಗಳು.

ಊರಿನಲ್ಲಿ ನೆಲೆಸಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿಯ ಜೊತೆಗೆ ಇದನ್ನೂ ಕೇಳಿರಿ: ನಮ್ಮ ಉಪಕೇಂದ್ರದಲ್ಲಿ ನರ್ಸಮ್ಮ ಇದ್ದಾರೆಯೇ? ರಾತ್ರಿ ವಾಹನ ಸಿಗುತ್ತದೆಯೇ? ಈ ಸಲ ಅಂಕ ಕೊಡುವವರು ನೀವು.