ಹಂಪಿ ಬಜಾರಿನಿಂದ ಅಹ್ಮದ್ ಖಾನನ ಧರ್ಮಶಾಲೆಗೆ

ಮುಸ್ಲಿಮರ ಮನೆಗಳಲ್ಲಿ ಸ್ಪೇನ್ ದೇಶದ ಹೆಸರು ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕೊರ್ಡೋವಾದ ಮಸೀದಿ, ಗ್ರಾನಡಾದ ಅಲ್‌ಹಮ್ರಾ ಅರಮನೆ ಎಂದೆಲ್ಲ ಹೇಳುವಾಗ ಕೈತಪ್ಪಿ ಹೋದ ಹಿರಿಯರ ಆಸ್ತಿಯನ್ನು ನೆನೆದವರಂತೆ ನಿಟ್ಟುಸಿರು ಬಿಡುತ್ತೇವೆ. ಅದನ್ನು ಕಣ್ಣಾರೆ ಕಂಡವರು ನಮ್ಮ ನಡುವೆ ಕಡಿಮೆ. ನಾವೂ ಕಂಡವರಲ್ಲ. ಕಂಡು ಬಂದದ್ದು ನಮ್ಮ ಬಾಲ್ಯದ ಗೆಳೆಯರು. ಯುರೋಪಿನಲ್ಲಿ ಕೆಲಸದಲ್ಲಿರುವ ಮಗನನ್ನು ನೋಡಲು ಹೋದ ಅವರು ಐದು ದಿನ ಸ್ಪೇನಿನಲ್ಲೂ ಸುತ್ತಾಡಿದ್ದರು. ಊರಿಗೆ ಮರಳಿದ ಮರುದಿನವೇ ಮನೆಗೆ ಬಂದು, "ಕೊರ್ಡೋವಾದ ಆ ಕಂಬಗಳ ನಡುವೆ ನಿಂತಾಗ ನಿಮ್ಮ ನೆನಪಾಯಿತು ಮಾರಾಯ್ರೆ. ಮಸೀದಿಯ ಹೊಟ್ಟೆಯೊಳಗೆ ಇಗರ್ಜಿ ಕಟ್ಟಿದ್ದಾರೆ. ನೀವು ಇದ್ದಿದ್ದರೆ ಏನು ಹೇಳುತ್ತಿದ್ದಿರೋ ಅಂತ ಯೋಚಿಸಿದೆ" ಎಂದರು.

ನಮ್ಮ ಗೆಳೆಯರು ಹಿಂದೂ. ನಮಗಾಗಿ ಅವರಿಗೆ ನೋವಾಗಿತ್ತು. ಆ ನೋವಿಗೆ ನಾವು ಕೃತಜ್ಞರು. "ಅಷ್ಟು ದೂರ ಹೋಗಲು ನಮ್ಮಿಂದಾಗದು, ಹಂಪಿಗಾದರೂ ಒಟ್ಟಿಗೆ ಹೋಗೋಣ" ಎಂದೆವು. ಅಲ್‌ಹಮ್ರಾ ಮತ್ತು ಕೊರ್ಡೋವಾದ ಮಸೀದಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1984ರಲ್ಲಿ; ಹಂಪಿ ಸೇರಿದ್ದು 1986ರಲ್ಲಿ. ಅಲ್ಲಿ ಅವರು ನಮಗಾಗಿ ನಿಂತಂತೆ ಇಲ್ಲಿ ನಾವು ಅವರ ಜೊತೆ ನಿಲ್ಲಬೇಕಿತ್ತು. ಅದು ಅಷ್ಟು ಸುಲಭವಲ್ಲ ಎಂಬುದು ಹಂಪಿಗೆ ಹೋದ ಮೇಲೆ ತಿಳಿಯಿತು.

ಬಜಾರಿನಲ್ಲಿ

ಹೊಸಪೇಟೆಯಲ್ಲಿ ರೈಲಿಳಿದು ಸುಮಾರು ಹದಿಮೂರು ಕಿಲೋಮೀಟರ್ ಸಾಗಿದರೆ ಹಂಪಿ ಬಜಾರ್. ಪಶ್ಚಿಮದ ತುದಿಯಲ್ಲಿ ವಿರೂಪಾಕ್ಷನ ಗೋಪುರ, ಪೂರ್ವದ ತುದಿಯಲ್ಲಿ ಮಾತಂಗ ಬೆಟ್ಟದ ಬುಡದಲ್ಲಿ ಎದುರು ಬಸವಣ್ಣ. ನಡುವೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ನೇರ ಬೀದಿ, ಎರಡೂ ಬದಿಯಲ್ಲಿ ಕಲ್ಲಿನ ಮಂಟಪಗಳ ಸಾಲು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಗುಡಿಯ ಮುಂದಿನ ಬೀದಿಯ ಅಂದವನ್ನು, ಯಾತ್ರಿಕರು ತಂಗುವ ಮೊಗಸಾಲೆಗಳನ್ನು ಬಣ್ಣಿಸಿದ್ದಾನೆ. ಇಡೀ ಪಟ್ಟಣ ನೋಡಲು ರೋಮಿನಷ್ಟೇ ದೊಡ್ಡದೆಂದು ಅವನಿಗೆ ಕಂಡಿತು.

ಅವನಿಗಿಂತ ಸುಮಾರು ಮುಕ್ಕಾಲು ಶತಮಾನ ಮೊದಲು, 1443ರಲ್ಲಿ, ಹೆರಾತಿನ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ರಝಾಕ್ ಕಲ್ಲಿಕೋಟೆ, ಮಂಗಳೂರುಗಳ ಮೂಲಕ ಇಲ್ಲಿಗೆ ಬಂದಿದ್ದ. ಆಗ ಇಮ್ಮಡಿ ದೇವರಾಯನ ಆಳ್ವಿಕೆ. ಏಳು ಸುತ್ತಿನ ಕೋಟೆ, ಅರಮನೆಯ ಬಳಿಯ ಬಜಾರುಗಳು, ಬಯಲಲ್ಲೇ ಮುತ್ತು ರತ್ನ ಮಾರುವ ವರ್ತಕರು, ಊಟದಷ್ಟೇ ಅಗತ್ಯವೆಂಬಂತೆ ಜನ ಕೊಳ್ಳುತ್ತಿದ್ದ ಗುಲಾಬಿ ಹೂಗಳು, ಮಹಾನವಮಿಯ ಉತ್ಸವ ಎಲ್ಲವನ್ನೂ ಅವನು ಬೆರಗಿನಿಂದ ಬರೆದಿಟ್ಟ. ವಿಜಯನಗರದ ವೈಭವಕ್ಕೆ ಸಾಕ್ಷಿಯೆಂದು ಇಂದು ಶಾಲಾ ಪಠ್ಯಗಳು ಉಲ್ಲೇಖಿಸುವ ಮಾತುಗಳಲ್ಲಿ ಅನೇಕವು ಈ ಮುಸ್ಲಿಂ ಪ್ರವಾಸಿಯವು. 'ಬಜಾರ್' ಎಂಬ ಮಾತು ಕೂಡ ಅವನು ಬರೆದ ಪಾರಸಿ ಭಾಷೆಯದೇ.

ನರಸಿಂಹನ ಮುಂದೆ

ಬಜಾರಿನಿಂದ ಹೇಮಕೂಟವನ್ನು ದಾಟಿ ಉಗ್ರ ನರಸಿಂಹನ ಬಳಿಗೆ ಹೋದೆವು. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ, ಇಪ್ಪತ್ತು ಅಡಿಗೂ ಮಿಕ್ಕಿದ ಮೂರ್ತಿ. ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ, ದೇವರ ಕೈಗಳು ಮುರಿದಿವೆ. ಪ್ರವಾಸಿಗರ ಗುಂಪೊಂದಕ್ಕೆ ವಿವರಿಸುತ್ತಿದ್ದ ಮಾರ್ಗದರ್ಶಿಯೊಬ್ಬರು, "ಮುಸಲ್ಮಾನರು ಬಂದರು, ಒಡೆದರು, ಎಲ್ಲ ಮುಗಿಯಿತು" ಎಂದರು. ಗುಂಪು ಮುಂದಕ್ಕೆ ಹೋಯಿತು. ನಮ್ಮ ಗೆಳೆಯರು ನಮ್ಮ ಮುಖ ನೋಡಲಿಲ್ಲ. ನಾವೂ ಅವರ ಮುಖ ನೋಡಲಿಲ್ಲ. ಐವತ್ತು ವರ್ಷಗಳ ಗೆಳೆತನದಲ್ಲಿ ಅಂಥ ಮೌನ ನಮ್ಮ ನಡುವೆ ಬಂದದ್ದು ಕಡಿಮೆ.

ಸಂಜೆ ಮಂಟಪವೊಂದರ ಕಟ್ಟೆಯಲ್ಲಿ ಕುಳಿತಾಗ ಅವರೇ ಕೇಳಿದರು: "ಬೇಸರವಾಯಿತೇ?"

ಆಗಿತ್ತು. ಆದರೆ ಆ ಮಾರ್ಗದರ್ಶಿ ಹೇಳಿದ್ದು ಸುಳ್ಳೆಂದು ಹೇಳುವಂತಿರಲಿಲ್ಲ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರ ಸೇನೆಗಳು ಒಂದಾಗಿ 1565ರ ಜನವರಿ 23ರಂದು ಕೃಷ್ಣಾ ನದಿಯ ಬಳಿ ರಕ್ಕಸಗಿ–ತಂಗಡಗಿ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದವು. ಅಹಮದ್‌ನಗರದ ಹುಸೇನ್ ನಿಝಾಮ್ ಶಾಹ್ ಸೆರೆಸಿಕ್ಕ ಅಳಿಯ ರಾಮರಾಯನ ತಲೆ ಕಡಿಸಿದ. ನಗರವನ್ನು ತಿಂಗಳುಗಟ್ಟಲೆ ಲೂಟಿ ಮಾಡಲಾಯಿತು, ಗುಡಿಗಳಿಗೆ ಬೆಂಕಿ ಬಿತ್ತು. ಗೆದ್ದ ಸುಲ್ತಾನರು ಮುಸ್ಲಿಮರು ಎಂಬ ಕಾರಣಕ್ಕೆ ಇದನ್ನು ಸಣ್ಣದು ಮಾಡಿ ಹೇಳುವುದು ನ್ಯಾಯವಲ್ಲ. ಆರಾಧನಾ ಸ್ಥಳವನ್ನು ಕೆಡಹಿದ್ದು ಕೊರ್ಡೋವಾದಲ್ಲಿ ತಪ್ಪಾದರೆ ಹಂಪಿಯಲ್ಲೂ ತಪ್ಪೇ. ಅಲ್ಲಿ ನಿಟ್ಟುಸಿರು ಬಿಟ್ಟು ಇಲ್ಲಿ ಸಮರ್ಥನೆ ಹುಡುಕುವವನಿಗೆ ಇತಿಹಾಸ ಬೇಕಿಲ್ಲ, ವಕೀಲರು ಬೇಕು.

ನಮ್ಮ ತಕರಾರು ಇದ್ದದ್ದು ಆ ಒಂದು ವಾಕ್ಯದ ಮೊದಲ ಪದದ ಬಗ್ಗೆ. "ಮುಸಲ್ಮಾನರು ಬಂದರು" ಎಂದರು ಅವರು. ಹಾಗಾದರೆ ಅದಕ್ಕೆ ಮೊದಲು ಇಲ್ಲಿ ಮುಸಲ್ಮಾನರು ಇರಲಿಲ್ಲವೇ?

ಆಸ್ಥಾನದ ಒಳಗೆ, ಹೊರಗೆ

ರಾಮರಾಯನ ಕಥೆಯನ್ನೇ ನೋಡಿ. ಯೌವನದಲ್ಲಿ ಅವನು ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. ಮುಂದೆ ಗೋಲ್ಕೊಂಡದ ರಾಜಕುಮಾರ ಇಬ್ರಾಹೀಮ್ ಕುತುಬ್ ಶಾಹ್ ಜೀವಭಯದಿಂದ ಓಡಿ ಬಂದಾಗ 1543ರಿಂದ 1550ರವರೆಗೆ ಏಳು ವರ್ಷ ಅವನಿಗೆ ಆಶ್ರಯ ಕೊಟ್ಟವನೂ ಅವನೇ. ಆ ಇಬ್ರಾಹೀಮ್ ಸಿಂಹಾಸನವೇರಿದ ಮೇಲೆ ತೆಲುಗು ಕವಿಗಳ ಪೋಷಕನಾದ. ಅವರು ಅವನನ್ನು 'ಮಲ್ಕಿಭರಾಮ' ಎಂದು ಕೊಂಡಾಡಿದರು. ಬಿಜಾಪುರದ ಅಲಿ ಆದಿಲ್ ಶಾಹ್, ರಾಮರಾಯನ ಮಗ ತೀರಿಕೊಂಡಾಗ ಸ್ವತಃ ವಿಜಯನಗರಕ್ಕೆ ಬಂದು ಸಂತಾಪ ಹೇಳಿದನೆಂದೂ, ರಾಮರಾಯನ ರಾಣಿ ಅವನನ್ನು ಮಗನೆಂದು ಸ್ವೀಕರಿಸಿದಳೆಂದೂ ಬಿಜಾಪುರದಲ್ಲೇ ಕುಳಿತು ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. 1565ರಲ್ಲಿ ರಾಮರಾಯನ ಎದುರು ನಿಂತವರಲ್ಲಿ ಈ ಇಬ್ಬರೂ ಇದ್ದರು.

ರಾಮರಾಯ ಒಮ್ಮೆ ಅಹಮದ್‌ನಗರದ ಜೊತೆ ಸೇರಿ ಬಿಜಾಪುರವನ್ನು ಬಗ್ಗಿಸಿದ. ಇನ್ನೊಮ್ಮೆ ಬಿಜಾಪುರ, ಗೋಲ್ಕೊಂಡಗಳ ಜೊತೆ ಸೇರಿ ಅಹಮದ್‌ನಗರವನ್ನು ಬಗ್ಗಿಸಿದ. ರಾಯಚೂರು ದೋಆಬಿನ ಕೋಟೆಗಳು, ಕಲ್ಯಾಣದ ಕೋಟೆ ಕೈಯಿಂದ ಕೈಗೆ ಹೋದವು. ತಮ್ಮೊಳಗೇ ಕಚ್ಚಾಡುತ್ತಿದ್ದ ಸುಲ್ತಾನರು ಕೊನೆಗೆ ಒಂದಾದದ್ದು ಈ ಆಟದಲ್ಲಿ ಸೋತು ಸುಣ್ಣವಾದ ಮೇಲೆ. ಯುದ್ಧದ ನಡುವೆ ರಾಮರಾಯನ ಇಬ್ಬರು ಮುಸ್ಲಿಂ ಸರದಾರರು ಕೈಕೊಟ್ಟರೆಂದು 1567ರಲ್ಲಿ ಪಾಳು ನಗರಕ್ಕೆ ಬಂದ ವೆನಿಸ್ಸಿನ ವರ್ತಕ ಚೆಸಾರೆ ಫೆಡ್ರಿಚಿ ಬರೆದಿದ್ದಾನೆ. ಇದನ್ನು ಮುಸ್ಲಿಮರ ದ್ರೋಹಕ್ಕೆ ಪುರಾವೆಯಾಗಿ ಹೇಳುವುದುಂಟು. ಆದರೆ ಅದೇ ಮಾತು ಇನ್ನೊಂದನ್ನೂ ಹೇಳುತ್ತದೆ: ಕೊನೆಯ ದಿನದವರೆಗೂ ವಿಜಯನಗರದ ಸೇನೆಯನ್ನು ನಡೆಸುವವರಲ್ಲಿ ಮುಸ್ಲಿಮರಿದ್ದರು.

ಅವರನ್ನು ಕರೆತಂದದ್ದು ಅಗತ್ಯ. ಬಹಮನಿಗಳ ಕುದುರೆ ಪಡೆ, ಬಿಲ್ಲುಗಾರರ ಮುಂದೆ ಮತ್ತೆ ಮತ್ತೆ ಸೋತ ಮೇಲೆ ಇಮ್ಮಡಿ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು ಜಹಗೀರು ಕೊಟ್ಟ, ಅವರಿಗಾಗಿ ಮಸೀದಿ ಕಟ್ಟಿಸಿದ ಎಂದು ಫೆರಿಷ್ತಾ ಬರೆಯುತ್ತಾನೆ. ಅವರು ಮುಜುಗರವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಪವಿತ್ರ ಕುರ್‌ಆನಿನ ಪ್ರತಿಯನ್ನೂ ಇರಿಸಿದನಂತೆ. ಕುದುರೆಗಳು ಬರುತ್ತಿದ್ದುದು ಅರಬ್, ಇರಾನ್ ಕಡೆಯಿಂದ, ಹಡಗಿನಲ್ಲಿ, ಕರಾವಳಿಯ ಬಂದರುಗಳ ಮೂಲಕ. ಹಜಾರ ರಾಮ ದೇವಾಲಯದ ಹೊರಗೋಡೆಯಲ್ಲಿ ಕುದುರೆಗಳನ್ನು ನಡೆಸಿಕೊಂಡು ಬರುವವರ ಸಾಲನ್ನು ಇವತ್ತೂ ನೋಡಬಹುದು.

ಅಗತ್ಯದಿಂದ ಆರಂಭವಾದದ್ದು ಉಡುಗೆ ತೊಡುಗೆಗೂ ಬಂತು. ಆಸ್ಥಾನಕ್ಕೆ ಬರುವವರು ತೊಡುತ್ತಿದ್ದ ನಿಲುವಂಗಿ 'ಕಬಾಯಿ'. ಅದು ಅರಬಿಯ 'ಕಬಾ'. ತಿರುಮಲೆಯಲ್ಲಿ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲಿರುವ ಎತ್ತರದ ಟೊಪ್ಪಿಗೆ 'ಕುಲ್ಲಾಯಿ'. ಅದು ಪಾರಸಿಯ 'ಕುಲಾಹ್'. ವಿಜಯನಗರದ ಅರಸರು ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನ್. ಆ ಬಿರುದು ಬುಕ್ಕರಾಯನ ಕಾಲದ ಶಾಸನಗಳಲ್ಲೇ ಇದೆ.

ಧರ್ಮಶಾಲೆ

ಮರುದಿನ ಬೆಳಿಗ್ಗೆ ಗೆಳೆಯರನ್ನು ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಗೆ ಕರೆದೊಯ್ದೆವು. ಅರಮನೆಯ ಪ್ರದೇಶದ ಈಶಾನ್ಯದ ಈ ತಗ್ಗನ್ನು ಪುರಾತತ್ವ ತಜ್ಞರು ಮುಸ್ಲಿಂ ವಸತಿ ಪ್ರದೇಶವೆಂದು ಗುರುತಿಸಿದ್ದಾರೆ. ಗೋರಿಗಳಿವೆ. ಅವುಗಳ ನಡುವೆ ಒಂದು ಕಲ್ಲಿನ ಮಂಟಪ. ಪೂರ್ವಕ್ಕೆ ತೆರೆದಿದೆ; ಒಳಗೆ ಕಂಬಗಳು. ಮಿನಾರಿಲ್ಲ, ಗುಮ್ಮಟವಿಲ್ಲ. ದೂರದಿಂದ ನೋಡಿದರೆ ಹಂಪಿಯ ನೂರಾರು ಮಂಟಪಗಳಲ್ಲಿ ಇದೂ ಒಂದು. ಒಳಹೊಕ್ಕು ಪಶ್ಚಿಮದ ಗೋಡೆಯಲ್ಲಿರುವ ಮಿಹ್ರಾಬನ್ನು ಕಂಡಾಗಲೇ ಇದು ಮಸೀದಿ ಎಂದು ತಿಳಿಯುವುದು. ಪಕ್ಕದಲ್ಲಿ ಗುಮ್ಮಟವಿರುವ ಗೋರಿ.

ಇಲ್ಲಿಯ ಶಾಸನ 1439ರದು. ಬರೆದಿರುವುದು ಅರಬಿಯಲ್ಲಲ್ಲ, ಪಾರಸಿಯಲ್ಲೂ ಅಲ್ಲ, ಕನ್ನಡದಲ್ಲಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬವನು ತನ್ನ ಅರಸನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದ. ಕಟ್ಟಡವನ್ನು ಶಾಸನ ಕರೆಯುವ ಹೆಸರು 'ಧರ್ಮಶಾಲೆ'.

ಗೆಳೆಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದನ್ನು ಒಡೆದಿಲ್ಲ" ಎಂದರು. ಹೌದು, ಕಟ್ಟಲು ಬಿಟ್ಟವನು ಹಿಂದೂ ಅರಸ. ಕಟ್ಟಿದವನು ತನ್ನ ನಮಾಝಿನ ಮನೆಗೆ ಊರಿನವರೆಲ್ಲರಿಗೂ ಅರ್ಥವಾಗುವ ಹೆಸರಿಟ್ಟ. ಕಲಿಮೆ ಹೇಳುವ ನಾಲಿಗೆಯಿಂದಲೇ ಅವನು ಅರಸನಿಗೆ ಪುಣ್ಯ ಕೋರಿದ. ಇದರಿಂದ ಅವನ ದೀನಿಗೆ ಕುಂದು ಬಂತೆಂದು ಅವನಿಗೆ ಅನಿಸಲಿಲ್ಲ. ಇದೇ ದೇವರಾಯ 1426ರಲ್ಲಿ ಪಾನ್‌ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥನ ಜೈನ ಚೈತ್ಯಾಲಯವನ್ನೂ ಕಟ್ಟಿಸಿದ್ದ.

ಇಲ್ಲಿ ಪಾಯಸ್‌ನನ್ನು ಮತ್ತೆ ನೆನೆಯಬೇಕು. ನಗರದ ಒಂದು ಬೀದಿಯ ತುದಿಗೆ ಮುಸ್ಲಿಮರ ಕೇರಿ ಇದೆಯೆಂದೂ, ಅವರಲ್ಲಿ ಅನೇಕರು ಇದೇ ನೆಲದವರೆಂದೂ, ರಾಜನ ಸಂಬಳ ಪಡೆದು ಅವನ ಕಾವಲು ಪಡೆಯಲ್ಲಿದ್ದಾರೆಂದೂ ಅವನು ಸಹಜವಾಗಿ ಬರೆದಿದ್ದಾನೆ. ಅವನ ಸ್ವದೇಶ ಪೋರ್ಚುಗಲ್, ಯಹೂದಿಗಳನ್ನೂ ಮುಸ್ಲಿಮರನ್ನೂ ಹೊರಹಾಕುವ ಆಜ್ಞೆ ಹೊರಡಿಸಿದ್ದು 1496ರಲ್ಲಿ. ನೆರೆಯ ಸ್ಪೇನಿನಲ್ಲಿ 1492ರ ಜನವರಿ 2ರಂದು ಗ್ರಾನಡಾ ಬಿತ್ತು; ಅದೇ ವರ್ಷ ಯಹೂದಿಗಳನ್ನು ಓಡಿಸಲಾಯಿತು; ಮತಾಂತರಗೊಂಡು ಉಳಿದಿದ್ದ ಮುಸ್ಲಿಮರ ಮಕ್ಕಳು ಮೊಮ್ಮಕ್ಕಳನ್ನೂ 1609ರಿಂದ 1614ರ ನಡುವೆ ಹಡಗು ಹತ್ತಿಸಲಾಯಿತು. 1523ರಲ್ಲಿ ಕೊರ್ಡೋವಾದ ಮಸೀದಿಯ ನಡುವೆ ಇಗರ್ಜಿಯ ಕೆಲಸ ಆರಂಭವಾದಾಗ ಹಂಪಿಯ ಈ ಧರ್ಮಶಾಲೆಗೆ ಎಂಬತ್ತನಾಲ್ಕು ವರ್ಷ. ಕ್ರೈಸ್ತ, ಯಹೂದಿ, ಮುಸ್ಲಿಂ ಎಂದು ಯಾರೂ ವಿಚಾರಿಸದೆ ಯಾರು ಬೇಕಾದರೂ ಬಂದು ತಮ್ಮ ಧರ್ಮದಂತೆ ಬಾಳಬಹುದಾದ ನಾಡು ಇದೆಂದು ಇನ್ನೊಬ್ಬ ಪೋರ್ಚುಗೀಸ, ಬಾರ್ಬೋಸಾ, ಬರೆದದ್ದು ಅದೇ ಕಾಲದಲ್ಲಿ.

ವಿಜಯನಗರ ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಅದೂ ಯುದ್ಧಗಳಿಂದ ಬೆಳೆದ ರಾಜ್ಯ. ಆದರೆ ಆ ಶತಮಾನದಲ್ಲಿ ಜಗತ್ತು ಹೇಗಿತ್ತೋ ಅದರ ನಡುವೆ ಇಟ್ಟು ನೋಡಿದಾಗ ಈ ಪುಟ್ಟ ಮಂಟಪದ ಬೆಲೆ ಗೊತ್ತಾಗುತ್ತದೆ.

ಮತ್ತೆ ಬಜಾರಿಗೆ

ಮಧ್ಯಾಹ್ನ ಬಜಾರಿಗೆ ಮರಳಿದೆವು. ಇಲ್ಲಿಯ ಮಂಟಪಗಳಲ್ಲಿ ಮತ್ತು ಅವುಗಳ ಆಸುಪಾಸಿನಲ್ಲಿ ದಶಕಗಳ ಕಾಲ ಜನ ಸಂಸಾರ ಹೂಡಿದ್ದರು, ಅಂಗಡಿ ಇಟ್ಟಿದ್ದರು. ಸ್ಮಾರಕ ರಕ್ಷಣೆಯ ಹೆಸರಿನಲ್ಲಿ 2011ರ ಜುಲೈ ತಿಂಗಳಲ್ಲಿ ಯಂತ್ರಗಳು ಬಂದು ಆ ಮನೆ, ಅಂಗಡಿಗಳನ್ನು ಕೆಡವಿದವು. ಒಕ್ಕಲೆದ್ದ ಕುಟುಂಬಗಳಿಗೆ ಸಮೀಪದ ಕಡ್ಡಿರಾಂಪುರದಲ್ಲಿ ನಿವೇಶನ ಗೊತ್ತುಮಾಡಲಾಯಿತು. ಆ ಕಡ್ಡಿರಾಂಪುರದಲ್ಲೂ ಹಳೆಯ ಮುಸ್ಲಿಂ ಗೋರಿಗಳಿವೆ. ಕಲ್ಲುಗಳನ್ನು ಉಳಿಸುವಾಗ ಅವುಗಳ ನಡುವೆ ಬದುಕಿದವರನ್ನು ಮರೆಯಬಾರದೆಂಬುದು 1565ಕ್ಕೂ ಸಲ್ಲುವ ಮಾತು, 2011ಕ್ಕೂ ಸಲ್ಲುವ ಮಾತು.

ನಿನ್ನೆಯ ಮಾರ್ಗದರ್ಶಿ ಗೋಪುರದ ಬಳಿ ಎಳನೀರು ಕುಡಿಯುತ್ತಿದ್ದರು. ನಮ್ಮ ಗೆಳೆಯರು ತಾವಾಗಿಯೇ ಅವರ ಬಳಿ ಹೋಗಿ ಅಹ್ಮದ್ ಖಾನನ ಮಸೀದಿಯ ವಿಷಯ ತೆಗೆದರು. ಆ ಮನುಷ್ಯನಿಗೆ ಎಲ್ಲವೂ ಗೊತ್ತಿತ್ತು. ಶಾಸನದ ಇಸವಿಯೂ ಗೊತ್ತಿತ್ತು. "ಯಾರೂ ಕೇಳುವುದಿಲ್ಲ ಸಾರ್. ಎರಡು ಗಂಟೆಯಲ್ಲಿ ಎಲ್ಲ ತೋರಿಸಬೇಕು. ಒಡೆದದ್ದನ್ನು ಕೇಳುತ್ತಾರೆ, ಅದನ್ನು ಹೇಳುತ್ತೇನೆ" ಎಂದರು. ಅವರಲ್ಲಿ ದ್ವೇಷವಿರಲಿಲ್ಲ.

ಸ್ಪೇನಿಗಾಗಿ ನಿಟ್ಟುಸಿರು ಬಿಡುವ ನಮ್ಮಲ್ಲಿ ಎಷ್ಟು ಮಂದಿ ಈ ಧರ್ಮಶಾಲೆಯನ್ನು ನೋಡಿದ್ದೇವೆ? ಹುಸೇನ್ ನಿಝಾಮ್ ಶಾಹ್ ಮಾಡಿದ್ದಕ್ಕೆ ಇಂದಿನ ಮುಸ್ಲಿಮರು ಉತ್ತರಿಸಬೇಕಿಲ್ಲ. ಆದರೆ ಯಾರ ವಾರಸುದಾರರಾಗಬೇಕೆಂದು ಆರಿಸಿಕೊಳ್ಳುವ ಹಕ್ಕು ನಮಗಿದೆ. ಕನ್ನಡದಲ್ಲಿ ಬರೆಸಿ, ನೆರೆಯವರ ಮಾತಿನಲ್ಲಿ ತನ್ನ ಮಸೀದಿಗೆ ಹೆಸರಿಟ್ಟವನ ವಾರಸುದಾರಿಕೆ ನಮಗೆ ಸಾಕು.

ಓದುಗರಲ್ಲಿ ನಮ್ಮದೊಂದು ಕೋರಿಕೆ. ಹಂಪಿಗೆ ಹೋದಾಗ ನರಸಿಂಹನ ಮುಂದೆಯೂ ನಿಲ್ಲಿ, ಮುರಿದ ಕೈಗಳನ್ನೂ ನೋಡಿ. ಆಮೇಲೆ ತಳವಾರಘಟ್ಟದ ದಾರಿಗೆ ಕರೆದೊಯ್ಯಲು ಮಾರ್ಗದರ್ಶಿಯನ್ನು ಕೇಳಿ. ಸಾಧ್ಯವಾದರೆ ಬೇರೆ ಧರ್ಮದ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.