ಸಿದ್ಧರಾಮರ ಕೆರೆಯೂ ನಮ್ಮ ಹಳ್ಳಕೊಳ್ಳಗಳೂ

ಸೊನ್ನಲಿಗೆಯು ಶ್ರೀ ಸಿದ್ಧರಾಮೇಶ್ವರರ ಕಾಯಕದಿಂದ ಪಾವನವಾದ ಕ್ಷೇತ್ರ. 12ನೇ ಶತಮಾನದಲ್ಲಿ ಅವರು ಇಲ್ಲಿ 68 ಲಿಂಗಗಳನ್ನು ಸ್ಥಾಪಿಸಿದರು. ಅದರ ಜೊತೆಗೇ ಕೆರೆಯನ್ನೂ ತೋಡಿಸಿದರು. ಅಲ್ಲಮಪ್ರಭುಗಳು ಬಂದಾಗ ಕೆರೆಯ ಕೆಲಸ ನಡೆದಿತ್ತೆಂದೂ, ಪ್ರಭುಗಳು ಸಿದ್ಧರಾಮರನ್ನು ಒಡ್ಡರ ಹೆಸರು ಸೇರಿಸಿಯೇ ಕರೆದರೆಂದೂ ಶೂನ್ಯಸಂಪಾದನೆಯಲ್ಲಿದೆ. ಮಣ್ಣು ಹೊರುವವರ ನಡುವೆ ನಿಂತ ಮಹಾತ್ಮರು ನಮ್ಮ ಗ್ರಾಮದೈವ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳನ್ನು ಹೊತ್ತು ನಡೆಯುವ ನಾವು ಈ ಮಾತನ್ನು ಮರೆಯಬಾರದು.

ಕೆರೆ ಎಂದರೆ ಬರಗಾಲಕ್ಕೆ ಕೂಡಿಟ್ಟ ನೀರು ಎಂದು ಎಲ್ಲರೂ ತಿಳಿದಿದ್ದೇವೆ. ಅದು ಅರ್ಧ ಮಾತು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಹಿಡಿದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಇಂಗದೆ ಹಳ್ಳದ ಕಡೆಗೆ ಓಡುತ್ತದೆ. ಅದನ್ನು ನಡುವೆ ತಡೆದು ನಿಲ್ಲಿಸುವುದು ಕೆರೆ. ಆದ್ದರಿಂದ ಬರಕ್ಕೂ ನೆರೆಗೂ ಒಂದೇ ಮದ್ದು ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಈ ಅರಿವು ಒಂದೇ ಕಾಲದ್ದಲ್ಲ. ಅಕ್ಕಲಕೋಟ ತಾಲೂಕಿಗೆ ಬರುವ ಬೋರಿ ನದಿಗೆ ಮೇಲ್ಗಡೆ ನಳದುರ್ಗದ ಕೋಟೆಯಲ್ಲಿ ಆದಿಲಶಾಹಿಯವರು ಕಲ್ಲಿನ ಒಡ್ಡು ಹಾಕಿದರು. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಾಲದ್ದಾದ ಆ ಒಡ್ಡಿನ ಹೊಟ್ಟೆಯೊಳಗೇ ಪಾನಿಮಹಲ್ ಇದೆ. ಹೆಚ್ಚಾದ ನೀರು ಒಡ್ಡನ್ನು ಕೆಡವದಂತೆ ಮೇಲಿಂದ ಧುಮುಕಲು ದಾರಿ ಬಿಟ್ಟಿದ್ದಾರೆ. ಇಂಗ್ಲಿಷರ ಆಳ್ವಿಕೆಯಲ್ಲಿ ಸೊಲ್ಲಾಪುರದ ಹತ್ತಿರ ಆದಿಲಾ ನದಿಗೆ ಏಕರೂಖ ಕೆರೆ ಕಟ್ಟಿ 1871ರಲ್ಲಿ ಮುಗಿಸಿದರು. ನಾವು ಅದನ್ನು ಹಿಪ್ಪರಗಾ ಕೆರೆ ಎನ್ನುತ್ತೇವೆ. ಭೀಮೆಗೆ ಉಜನಿ ಧರಣ 1980ರಲ್ಲಿ ಪೂರ್ಣವಾಯಿತು. ಅದರಲ್ಲಿ ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ.

ಇಷ್ಟೆಲ್ಲ ಇದ್ದೂ ನೆರೆ ಏಕೆ ಬರುತ್ತದೆ? ನಮ್ಮಲ್ಲಿ ದೊಡ್ಡ ಮಳೆ ಬರುವುದು ಹಿಂಗಾರಿನ ಹೊತ್ತಿಗೆ. ಅಷ್ಟರಲ್ಲಿ ಕೆರೆ, ಧರಣ ತುಂಬಿರುತ್ತವೆ. ತುಂಬಿದ ಕೊಡ ಇನ್ನೊಂದು ತಂಬಿಗೆಯನ್ನೂ ಹಿಡಿಯದು. 2020ರ ಅಕ್ಟೋಬರ್ 13ರಂದು ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ದಡ ಮುಟ್ಟಿ, ತೆಲಂಗಾಣ, ಕಲಬುರಗಿ ದಾಟಿ 14ರಂದು ನಮ್ಮ ಮೇಲೆ ಸುರಿಯಿತು. ಬೋರಿ ಉಕ್ಕಿತು, ಕುರನೂರ ಧರಣದಿಂದ ನೀರು ಬಿಡಬೇಕಾಯಿತು, ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಗೆ ನೀರು ಹೊಕ್ಕಿತು. ಅದೇ ದಿನ ಪಂಢರಪುರದ ಕುಂಭಾರ ಘಾಟಿನಲ್ಲಿ ಗೋಡೆ ಕುಸಿದು ಆರು ಜೀವ ಹೋದವು. ಭೀಮೆಯ ನೆರೆ ಕೆಳಗೆ ಅಫಜಲಪುರ ತಾಲೂಕಿನ ನಮ್ಮ ನೆಂಟರಿಷ್ಟರ ಮನೆಗಳನ್ನೂ ಬಿಡಲಿಲ್ಲ. ನೀರಿಗೆ ರಾಜ್ಯದ ಗಡಿ ಎಲ್ಲಿಯದು?

2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿಯ ಸರದಿ. ಕರಮಾಳಾ, ಮಾಢಾ, ಮೋಹೋಳದಿಂದ ಹಿಡಿದು ದಕ್ಷಿಣ ಸೊಲ್ಲಾಪುರದವರೆಗೆ ದಂಡೆಯ ಊರುಗಳು ಮುಳುಗಿದವು. ಲಾಂಬೋಟಿ ಬಳಿ ಪುಣೆ ಹೆದ್ದಾರಿ ಬಂದಾಯಿತು, ವಿಜಯಪುರದ ಹೆದ್ದಾರಿಯೂ ನಿಂತಿತು. ಹತ್ತರಸಂಗ ಕೂಡಲದಲ್ಲಿ ಸೀನೆಯು ಭೀಮೆಯನ್ನು ಸೇರುತ್ತದೆ. ಭೀಮೆ ತುಂಬಿದ್ದರೆ ಸೀನೆಯ ನೀರಿಗೆ ಒಳಹೋಗಲು ಎಡೆಯಿಲ್ಲ; ಹಿಂದಕ್ಕೆ ಒತ್ತಿ ಹೊಲಗಳಲ್ಲಿ ಹರಡುತ್ತದೆ.

ಹೊಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಓಣಿಯ ಹಳ್ಳ ನಮ್ಮ ಕೈಯಲ್ಲಿದೆ. ಹಳ್ಳದ ಪಾತ್ರ ಒತ್ತಿ ಮನೆ ಕಟ್ಟಿದರೆ, ಮನೆ ಕೆಡವಿದ ಮಣ್ಣು ಕಲ್ಲು ಅಲ್ಲಿಯೇ ಸುರಿದರೆ, ನೀರು ತನ್ನ ಹಳೆಯ ದಾರಿ ಹುಡುಕುತ್ತ ಬಾಗಿಲಿಗೆ ಬರುತ್ತದೆ. ಮೋರಿಯ ಕಣ್ಣಿಗೆ ಮೊದಲು ಒಂದು ಜಾಲಿಕಂಟಿ ಸಿಕ್ಕುತ್ತದೆ, ಅದಕ್ಕೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ರಾಡಿ. ಒಂದು ತಾಸಿನಲ್ಲಿ ಮೋರಿಯೇ ಒಡ್ಡಾಗುತ್ತದೆ. ಅದರ ಬೆಲೆ ಅಂಗಡಿಕಾರನಿಗೆ ಗೊತ್ತು: ಒಂದು ರಾತ್ರಿ ನೀರು ನಿಂತರೆ ಕೆಳಗಿನ ಸಾಲಿನ ಚೀಲ ಹೋಯಿತು, ಮೂರನೆಯ ದಿನಕ್ಕೆ ಮೇಲಿನ ಸಾಲಿಗೂ ಬೂಸಲು ಬಂತು. ಬಡವನ ಮನೆಯಲ್ಲಾದರೆ ಹೋಗುವುದು ವರ್ಷದ ಜೋಳವೇ.

ಭಕ್ತಾದಿಗಳಲ್ಲಿ ವಿನಂತಿ ಇಷ್ಟೇ. ಮಿರಗದ ಮಳೆಗೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಇನ್ನೊಮ್ಮೆ ಓಣಿಯವರೆಲ್ಲ ಸೇರಿ ಮೋರಿ, ಗಟಾರ ತೆಗೆಯಬೇಕು. ತೆಗೆದ ರಾಡಿಯನ್ನು ದಂಡೆಯ ಮೇಲೇ ಬಿಟ್ಟರೆ ಮುಂದಿನ ಮಳೆಗೆ ಅದು ಮತ್ತೆ ಒಳಗೆ, ಅಂದೇ ಸಾಗಿಸಬೇಕು. ನೆರೆ ಇಳಿದ ಮೇಲೆ ಮೊದಲು ವಿದ್ಯುತ್ ಬಂದ್ ಇದೆಯೇ ನೋಡಬೇಕು, ಕೋಲಿನಿಂದ ತಟ್ಟಿ ಹಾವುಹುಳ ನೋಡಬೇಕು. ಎರೆಯ ರಾಡಿ ಒಣಗಿದರೆ ಕಲ್ಲಾಗುತ್ತದೆ, ಹಸಿ ಇರುವಾಗಲೇ ಎತ್ತಬೇಕು. ನೆರೆ ನೀರು ಹೊಕ್ಕ ಬಾವಿಯ ನೀರನ್ನು ಶುದ್ಧ ಮಾಡಿಸದೆ ಕುಡಿಯಬಾರದು. ಕೆರೆಯ ಹೂಳು ಹೊಲಕ್ಕೆ ಗೊಬ್ಬರ. 2017ರಲ್ಲಿ ಮಹಾರಾಷ್ಟ್ರ ಸರಕಾರ ಇದಕ್ಕೆಂದೇ 'ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ' ಯೋಜನೆ ತಂದಿತು.

ಕೊನೆಗೆ ದೇವಸ್ಥಾನದವರ ಮಾತು. ಮಾಲೆ, ಬಿಲ್ವಪತ್ರೆ, ತೆಂಗಿನ ಸಿಪ್ಪೆ, ಹಳೆಯ ದೇವರ ಪಟ ಇವನ್ನು ಚೀಲದಲ್ಲಿ ಕಟ್ಟಿ ಕೆರೆಗೋ ಹಳ್ಳಕ್ಕೋ ಬಿಡುವುದು ಪುಣ್ಯವೆಂದು ಕೆಲವರು ತಿಳಿದಿದ್ದಾರೆ. ಕೆರೆಯನ್ನು ತೋಡಿಸಿದವರ ಹೆಸರಿನಲ್ಲಿ ಕೆರೆಯನ್ನು ತುಂಬುವುದು ಯಾವ ಭಕ್ತಿ? ಹೂವು ಪತ್ರೆಯನ್ನು ಗುಂಡಿಯಲ್ಲಿ ಹಾಕಿದರೆ ಗಿಡಕ್ಕೆ ಗೊಬ್ಬರವಾಗಿ ಮತ್ತೆ ಹೂವಾಗಿ ಗುಡಿಗೇ ಬರುತ್ತದೆ. ನಂದಿಧ್ವಜ ಹೊರುವ ಹೆಗಲು ಒಂದು ದಿನ ರಾಡಿಯ ಬುಟ್ಟಿಯನ್ನೂ ಹೊರಲಿ. ಅದೂ ಸೇವೆಯೇ, ಸಿದ್ಧರಾಮರು ಮೊದಲು ಮಾಡಿ ತೋರಿಸಿದ ಸೇವೆ.